ಗುರುತಿಲ್ಲದ ಬಿಳಿ ಗಾಡಿ

ಫೋನು ಬಾರದಿದ್ದರೆ ನನಗೆ ಕೂರಲು ಆಗುವುದಿಲ್ಲ. ಬಂದರೂ ಆಗುವುದಿಲ್ಲ. ಮಾತಾಡುತ್ತ ಅಡುಗೆಮನೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಹಿತ್ತಲಿಗೆ ಓಡಾಡುತ್ತೇನೆ. “ನನ್ನ ಮಗಾ ಗಾಡ್ಯಾಗ ಊರು ತಿರಗತಾನ, ಈಕಿ ಫೋನಿನ್ಯಾಗ ತಿರಗತಾಳ” ಎಂದು ಅತ್ತೆ ನಗುತ್ತಿದ್ದರು. ನಾನು ಹುಟ್ಟಿ ಬೆಳೆದದ್ದು ಇಚಲಕರಂಜಿಯಲ್ಲಿ. ನಮ್ಮ ಓಣಿಯ ಎರಡೂ ಬದಿಗೆ ಮಗ್ಗಗಳು, ಹಗಲೂ ಇರುಳೂ ಖಟಖಟ. ಕರೆಂಟು ಹೋಗಿ ಸದ್ದು ನಿಂತರೆ ಮಲಗಿದ್ದ ಮಕ್ಕಳೆಲ್ಲ ಗಾಬರಿಯಾಗಿ ಎದ್ದು ಕೂರುತ್ತಿದ್ದೆವು. ಅಂಥವಳನ್ನು ಗಡಹಿಂಗ್ಲಜದ ಮೆಣಸಿನಕಾಯಿ ಅಡತಿಯವರ, ಅಂದರೆ ದಲ್ಲಾಳಿ ಅಂಗಡಿಯವರ, ಮನೆಗೆ ಕೊಟ್ಟರು. ಮಧ್ಯಾಹ್ನ ಊಟವಾದ ಮೇಲೆ ಈ ಮನೆಯಲ್ಲಿ ನೊಣ ಹಾರಿದರೂ ಕೇಳಿಸುತ್ತದೆ. ಮೊದಲ ವರ್ಷವೆಲ್ಲ ನಾನು ಸುಮ್ಮನೆ ಪಾತ್ರೆ ಬಡಿಯುತ್ತಿದ್ದೆ.

ನನ್ನ ಗಂಡನಿಗೆ ಮೆಣಸಿನಕಾಯಿಯ ಘಾಟು ಆಗಿಬರುತ್ತಿರಲಿಲ್ಲ. ದಿನವಿಡೀ ಸೀನಿ, ಕಣ್ಣು ಕೆಂಪು ಮಾಡಿಕೊಂಡು ಮನೆಗೆ ಬರುತ್ತಿದ್ದರು. ಅದಕ್ಕಿಂತ ದೊಡ್ಡ ತೊಂದರೆ ಅವರ ಬಾಯಿಯದು. ಅಡತಿ ಎಂದರೆ ರೈತರನ್ನು ಕರೆಯಬೇಕು, ಕೂರಿಸಬೇಕು, ಚಹಾ ಕುಡಿಸಬೇಕು, ಊರಿನ ಸುದ್ದಿ ಕೇಳಬೇಕು. ಇವರು ಬಂದವರ ಮುಖ ನೋಡಿ ಸುಮ್ಮನೆ ಕೂರುತ್ತಿದ್ದರು. “ಇವಗ ಬಾಯಿ ಅನ್ನೂದು ಊಟಕ್ಕಷ್ಟ ಐತಿ” ಎಂದು ಮಾವ ಎಲ್ಲರೆದುರಿಗೂ ಹೇಳುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಕೊನೆಗೆ ನಾನೇ ಬೆನ್ನು ಹತ್ತಿ ಗಾಡಿ ಕೊಳ್ಳಿಸಿದೆ. ಬಿಳಿ ಗಾಡಿ. ಬಾಡಿಗೆ ಗಾಡಿಯೆಂದು ತೋರಿಸುವ ಹಳದಿ ನಂಬರ್ ಪ್ಲೇಟು ಬಿಟ್ಟರೆ ಅದರ ಮೇಲೆ ಬೇರೇನೂ ಗುರುತಿರಲಿಲ್ಲ. ಅವರು ಓಡಿಸುವುದು, ನಾನು ಫೋನು ಹಿಡಿಯುವುದು ಎಂದು ಮಾತಾಯಿತು.

ನಮ್ಮಂಥ ವ್ಯಾಪಾರಸ್ಥರ ಮನೆಗಳಲ್ಲಿ ಏನೇ ಶುರುವಾದರೂ ಮುಗಿದರೂ ದೀಪಾವಳಿ ಪಾಡ್ಯಕ್ಕೆ. ಮಾವನೂ ಅದೇ ಗಡುವು ಕೊಟ್ಟರು. “ಮುಂದಿನ ಪಾಡ್ಯದ ತನಕ ನೋಡೂಣು. ಧಂದೆ ತನ್ನ ಕಾಲ ಮ್ಯಾಲ ನಿಂತ್ರ ಛಲೋ. ಇಲ್ಲಂದ್ರ ಗಾಡಿ ಮಾರಿ, ಅಂವ ಬಂದು ಅಂಗಡಿ ಗಾದಿ ಮ್ಯಾಲ ಕುಂದರಬೇಕು” ಎಂದರು. ಗಾಡಿ ಹೋದರೆ ಗಂಡ ಮತ್ತೆ ಮೆಣಸಿನಕಾಯಿ ಚೀಲಗಳ ನಡುವೆ. ಫೋನು ಕಪಾಟಿನಲ್ಲಿ. ನಾನು ಒಲೆಯ ಮುಂದೆ. ಮದುವೆಯಾಗಿ ಇಷ್ಟು ವರ್ಷಕ್ಕೆ ನನ್ನದು ಎನ್ನುವಂಥ ಒಂದು ಕೆಲಸ ಸಿಕ್ಕಿತ್ತು. ಅದನ್ನು ಪಾಡ್ಯಕ್ಕೆ ಕೊಟ್ಟು ಕೈ ತೊಳೆದುಕೊಳ್ಳಲು ನಾನು ತಯಾರಿರಲಿಲ್ಲ.

ಆದ್ದರಿಂದ ಓಡಾಡಿದೆ. ಕಾರ್ಡು ಮಾಡಿಸಿ ಚಹಾದಂಗಡಿಗೆ, ಔಷಧಿ ಅಂಗಡಿಗೆ, ಎಸ್‌.ಟಿ. ಬಸ್ ಸ್ಟ್ಯಾಂಡಿನ ಹಣ್ಣಿನವರಿಗೆ ಹಂಚಿದೆ. ಕೊಲ್ಹಾಪುರಕ್ಕೆ ಹೋದಾಗ ದವಾಖಾನೆಗಳ ಎದುರಿನ ಖಾನಾವಳಿಗಳಲ್ಲಿ ಇಟ್ಟು ಬಂದೆ. ಇಚಲಕರಂಜಿಯಲ್ಲಿ ಅಣ್ಣನ ಗುರುತಿನ ನೂಲಿನ ವ್ಯಾಪಾರಿಗಳನ್ನು ಹಿಡಿದೆ. “ಗಾಡಿ ಆಹೆ ಕಾ?” ಎಂದು ಮರಾಠಿಯಲ್ಲಿ ಕೇಳಿದವರಿಗೆ “ಆಹೆ ನಾ!” ಕನ್ನಡದಲ್ಲಿ ಕೇಳಿದವರಿಗೆ “ಐತ್ರಿ!” ಗಾಡಿ ಆಗ ಬೆಳಗಾವಿಯಲ್ಲಿದ್ದರೂ ಮೊದಲು ಐತ್ರಿ, ಆಮೇಲೆ ಉಳಿದ ವಿಚಾರ. ಅಮಾವಾಸ್ಯೆಗೆ ಹಲಕರ್ಣಿ ಕಡೆಯ ಕುರುಬರ ಮನೆಯವರು ಮುರಗೂಡದ ಆಚೆಯ ದೇವರಿಗೆ ಹೋಗುತ್ತಾರೆ. ಎರಡು ಮೂರು ಮನೆಯವರನ್ನು ಫೋನಿನಲ್ಲೇ ಜೋಡಿಸಿ ಗಾಡಿ ತುಂಬಿಸುತ್ತಿದ್ದೆ. ಉಳಿದ ದಿನಗಳಲ್ಲೂ ಒಂದಲ್ಲ ಒಂದು ಬಾಡಿಗೆ ಬರುತ್ತಿತ್ತು. ಆದರೆ ನನಗೆ ಅಷ್ಟು ಸಾಲದಾಗಿತ್ತು. ಮಾವ ಒಪ್ಪುವಂಥದ್ದು, ಕಣ್ಣಿಗೆ ಹೊಡೆಯುವಂಥದ್ದು ಬೇಕಿತ್ತು.

ಗಂಡನ ರೀತಿ ಬೇರೆ. ಗಿರಾಕಿಗಳ ಮನೆಯ ಮುಂದೆ ಗಾಡಿ ನಿಲ್ಲಿಸುತ್ತಿರಲಿಲ್ಲ, ಓಣಿಯ ತುದಿಯಲ್ಲೇ ನಿಲ್ಲಿಸುತ್ತಿದ್ದರು. ಹಾರ್ನ್ ಹಾಕುತ್ತಿರಲಿಲ್ಲ. ಒಮ್ಮೆ ಇಬ್ಬರೂ ಸಂತೆಗೆ ಹೋಗಿದ್ದೆವು. ಹಿಂದಿನ ದಿನವಷ್ಟೇ ನಮ್ಮ ಗಾಡಿಯಲ್ಲಿ ಕೊಲ್ಹಾಪುರಕ್ಕೆ ಹೋಗಿ ಬಂದಿದ್ದ ದಂಪತಿ ಎದುರಿಗೇ ಬಂದರು. ಇವರು ಟೊಮೆಟೊ ಆರಿಸುವುದರಲ್ಲಿ ಮುಳುಗಿಬಿಟ್ಟರು. ಅವರೂ ನೋಡದವರಂತೆ ದಾಟಿ ಹೋದರು.

“ಮಾತಾಡಸಬಾರದೇನ್ರೀ? ನಮ್ಮ ಗಿರಾಕಿ ಅಲ್ಲೇನವರು?” ಎಂದು ಸಿಡುಕಿದೆ.

“ಗಾಡ್ಯಾಗ ಗಿರಾಕಿ. ಸಂತ್ಯಾಗ ಸಂತಿಗೆ ಬಂದಾವರು” ಎಂದರು. ಹೀಗಿದ್ದರೆ ಧಂದೆ ಬೆಳೆದ ಹಾಗೇ ಎಂದುಕೊಂಡೆ. 

ಮಳೆಗಾಲ ಮುಗಿಯುತ್ತ ಬಂದಾಗ ನನಗೆ ತಡೆಯಲಾಗಲಿಲ್ಲ. ತವರಿಗೆ ಹೋಗುವ ನೆವ ಮಾಡಿ ಗಾಡಿ ತೆಗೆಸಿದೆ. ಇಚಲಕರಂಜಿಯಲ್ಲಿ ಗಂಡ ಊಟ ಮಾಡಿ ಮಲಗಿದ್ದಾಗ ಅಣ್ಣನ ಕೈಲಿ ಗಾಡಿ ಕೊಟ್ಟು, ಜತೆಗೆ ನಾನೂ ಹೋಗಿ ಸ್ಟಿಕರ್ ಅಂಟಿಸಿಕೊಂಡು ಬಂದೆ. ಎರಡೂ ಬದಿಯ ಬಾಗಿಲುಗಳ ಮೇಲೆ ಮನೆದೇವರ ಹೆಸರಿನ ಟ್ರಾವೆಲ್ಸ್, ಊರಿನ ಹೆಸರು, ಫೋನ್ ನಂಬರು. ಒಂದು ಬದಿ ಮರಾಠಿ, ಇನ್ನೊಂದು ಬದಿ ಕನ್ನಡ. ಹಿಂದಿನ ಗಾಜಿನ ಮೇಲೆ ಮತ್ತೊಮ್ಮೆ ನಂಬರು. ಎಲ್ಲ ಕೆಂಪು ಅಕ್ಷರ, ದೂರದಿಂದಲೂ ಓದಬಹುದು. ಅವರು ಎದ್ದು ಬಂದು ಗಾಡಿಯ ಸುತ್ತ ಒಂದು ಸಲ ತಿರುಗಿದರು.

“ಗಾಡಿ ಭಾಳ ಮಾತಾಡಾಕತ್ತೈತಿ” ಎಂದರು. ಅಷ್ಟೇ. ನನಗೆ ಹೆಮ್ಮೆ ಹೊಟ್ಟೆಯಲ್ಲಿ ಹಿಡಿಸುತ್ತಿರಲಿಲ್ಲ. ಗಾಡಿಯ ಪಕ್ಕ ನಿಂತು ಫೋಟೋ ತೆಗೆಸಿ ಸ್ಟೇಟಸ್ ಹಾಕಿದೆ. ಊರಿಗೆ ಬಂದ ಮೇಲೆ ಮಾವನಿಗೆ ಕಾಣಲೆಂದೇ ಅಂಗಡಿಯ ಮುಂದೆ ಗಾಡಿ ನಿಲ್ಲಿಸಲು ಹೇಳಿದೆ. ಅವರು ಕನ್ನಡಕದ ಮೇಲಿನಿಂದ ನೋಡಿ, “ಕಾಣಸತೈತಿ ಬಿಡು” ಎಂದರು.

ಆಮೇಲೆ ಫೋನು ನಿಂತಿತು. ಒಮ್ಮೆಲೇ ಅಲ್ಲ. ಮೊದಲು ಭಾನುವಾರದ ಬಾಡಿಗೆಗಳು ಹೋದವು. ಆಮೇಲೆ ಕೊಲ್ಹಾಪುರದವು. ಅಮಾವಾಸ್ಯೆಯ ಜನ ಮಾತ್ರ ಬರುತ್ತಿದ್ದರು, ದೇವರಿಗೆ ಹೋಗುವುದರಲ್ಲಿ ಮುಚ್ಚುಮರೆ ಏನಿದೆ. ಫೋನೇ ಕೆಟ್ಟಿದೆಯೇನೋ ಎಂದು ಅತ್ತೆಯ ಫೋನಿನಿಂದ ನನಗೆ ನಾನೇ ಫೋನು ಮಾಡಿ ನೋಡಿದೆ. ಚೆನ್ನಾಗಿಯೇ ಇತ್ತು. ಇನ್ನಷ್ಟು ಕಾರ್ಡು ಹಂಚಿದೆ. ದಿನಕ್ಕೆರಡು ಸ್ಟೇಟಸ್ ಹಾಕಿದೆ. ಅನ್ನ ಇಳಿಸಲು ಮರೆತು ಸೀಯಿಸಿದೆ. ಗಂಡ ಮುಂಜಾನೆ ಗಾಡಿ ಒರೆಸಿ, ಅದರ ಪಕ್ಕ ಒಂದು ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಅವರು ಹಾಗೆ ಕೂತದ್ದನ್ನು ನೋಡಿದರೆ ನನಗೆ ಕೂಗಾಡಬೇಕೆನಿಸುತ್ತಿತ್ತು.

ಹಿಂದಿನ ಓಣಿಯಲ್ಲಿ ಬಟ್ಟೆ ಅಂಗಡಿಯವರ ಮನೆಯ ಹಿರಿಯಳೊಬ್ಬಳಿದ್ದಾಳೆ. ಓಣಿಯವರೆಲ್ಲ ಅವಳಿಗೆ ಕಾಕು ಎನ್ನುತ್ತೇವೆ. ಅವಳು ನಮ್ಮ ಖಾಯಂ ಗಿರಾಕಿ, ಭಾನುವಾರ ಬಂತೆಂದರೆ ಗಾಡಿ ಅವಳದೇ. ಒಂದು ದಿನ ಎಸ್‌.ಟಿ. ಸ್ಟ್ಯಾಂಡಿನ ಹಿಂದೆ ಅವಳು, ಅವಳ ಗಂಡ, ಇಸ್ತ್ರಿ ಅಂಗಿಯ ಮಗ ಮೂವರೂ ಬೇರೆ ಯಾರದೋ ಬಿಳಿ ಗಾಡಿ ಹತ್ತುವುದನ್ನು ನೋಡಿದೆ. ಮರುದಿನ ಮಧ್ಯಾಹ್ನ ನೇರವಾಗಿ ಅವಳ ಮನೆಗೇ ಹೋದೆ.

“ಕಾಕು, ನಮ್ಮಿಂದ ಏನರ ತಪ್ಪಾಗೇತೇನ್ರಿ?”

“ಮದಲ ಕುಂದ್ರು” ಎಂದು ಅವಳು ಬಾಗಿಲು ಮುಂದಕ್ಕೆಳೆದು ಬಂದಳು. “ನಮ್ಮ ಹುಡುಗಗ ಹೆಣ್ಣು ನೋಡಾಕತ್ತೇವಿ ಅಂತ ನಿನಗ ಗೊತ್ತೈತೇನು?”

ಗೊತ್ತಿರಲಿಲ್ಲ. ವರ್ಷವೆಲ್ಲ ಅವರನ್ನು ಕರೆದುಕೊಂಡು ಹೋದವರು ನನ್ನ ಗಂಡ. ನನಗೇ ಗೊತ್ತಿರಲಿಲ್ಲ.

“ನೋಡು ಮತ್ತ. ಅಂವ ಮನ್ಯಾಗ ಸುದ್ದಾ ಹೇಳಿಲ್ಲ” ಎಂದಳು ಕಾಕು. “ಕನ್ಯಾ ನೋಡಾಕ ಹೋಗೂದು ಪಕ್ಕಾ ಆಗೂ ತನಕ ಮೂರನೇದವರಿಗೆ ತಿಳೀಬಾರದವಾ. ತಿಳದ್ರ ಯಾರರ ಒಬ್ಬರು ಹುಡುಗಿ ಮನಿಗೆ ಫೋನ್ ಹಚ್ಚಿ ಇಲ್ಲದ್ದೆಲ್ಲಾ ಹೇಳತಾರ. ಈಗ ನಿನ್ನ ಗಾಡಿ ನಮ್ಮ ಓಣ್ಯಾಗ ಬಂತಂದ್ರ, ಹೊಂಟ್ರು ನೋಡು ಅಂತ ಇಡೀ ಪ್ಯಾಟಿಗೆ ಗೊತ್ತಾಕ್ಕೈತಿ. ಹುಡುಗಿ ಊರಾಗ ನಿಂತ್ರ, ಗಡಹಿಂಗ್ಲಜದವರು ಬಂದಾರ ಅಂತ ಅಲ್ಲೂ ಗೊತ್ತಾಕ್ಕೈತಿ. ಊರ ಹೆಸರೂ ನೀನ ಬರಸೀದಿ.”

ನಾನು ಏನೋ ಹೇಳಲು ಬಾಯಿ ತೆರೆದೆ. ಅವಳು ಬಿಡಲಿಲ್ಲ.

“ನಮ್ಮದರ ಲಗ್ನದ ಮಾತು. ಮಕ್ಕಳಾಗಲಿಲ್ಲ ಅಂತ ಡಾಕ್ಟರ ಕಡೆ ಹೋಗಾವರು, ಮನಸಿನ ದವಾಖಾನಿಗೆ ಹೋಗಾವರು ಏನ್ ಮಾಡಬೇಕು? ಪ್ಯಾಟ್ಯಾಗ ಇಷ್ಟು ಗಾಡಿ ಅದಾವಲ್ಲ, ಎಲ್ಲಾರೂ ನಿನ್ನ ಗಂಡನ ಗಾಡೀನ ಯಾಕ ಕರೀತಿದ್ರು? ಅಂವ ಬಾಯಿ ಬಿಡಂಗಿಲ್ಲ ಅಂತ. ಅಂಥಾವನ ಗಾಡಿಗೆ ನೀ ಬಾಯಿ ಹಚ್ಚೀದಿ.”

ಮನೆಗೆ ಹೇಗೆ ಬಂದೆನೋ. ಸಿಟ್ಟು ಬಂದದ್ದು ಗಂಡನ ಮೇಲೆ. “ಮದಲ ಹೇಳಬೇಕಿತ್ತಿಲ್ಲೋ ನೀವು?” ಎಂದು ಗಾಡಿಯ ಪಕ್ಕದಲ್ಲೇ ಜಗಳಕ್ಕೆ ನಿಂತೆ.

“ಹೇಳಿದ್ರ, ಯಾರ್ಯಾರು ಯಾತಕ್ಕ ಹೋಗ್ಯಾರ ಅಂತ ಕೇಳತಿದ್ದಿ” ಎಂದರು.

ಕೇಳುತ್ತಿದ್ದೆ. ಖಂಡಿತ ಕೇಳುತ್ತಿದ್ದೆ. ಅದಕ್ಕೇ ಇನ್ನೂ ಸಿಟ್ಟು ಬಂತು. ಒಳಗೆ ಹೋಗಿ ಬಿಸಿನೀರು ತಂದು ಬಾಗಿಲ ಮೇಲೆ ಸುರಿದು, ಉಗುರಿನಿಂದ ಅಕ್ಷರ ಕೀಳಲು ಕೂತೆ. ಹೋಗಿಬರುವವರೆಲ್ಲ ನಿಂತು ನೋಡಿದರು. ಅತ್ತೆ ಹೊಸ್ತಿಲಲ್ಲಿ ನಿಂತು, “ಹಚ್ಚಾಕೀನೂ ಈಕಿನ, ಕೀಳಾಕೀನೂ ಈಕಿನ” ಎಂದು ನಕ್ಕರು. ಮಾವ ಊಟಕ್ಕೆ ಬಂದವರು ಸ್ವಲ್ಪ ಹೊತ್ತು ನಿಂತು ನೋಡಿದರು. ಏನಾದರೂ ಅಂದಿದ್ದರೆ ಅವರಿಗೂ ಎದುರು ಮಾತಾಡುತ್ತಿದ್ದೆ. ಒಳಗೆ ಹೋಗಿ ಊಟಕ್ಕೆ ಕೂತರು.

ಅಕ್ಷರ ಹೋದವು, ಫೋನು ಬರಲಿಲ್ಲ. ನಮ್ಮ ಗಾಡಿಯ ಮೇಲೆ ಈಗ ಏನೂ ಬರೆದಿಲ್ಲ ಎಂದು ಜಾಹೀರಾತು ಮಾಡುವುದು ಹೇಗೆ? ಸ್ಟೇಟಸ್ ಹಾಕಲೇ? ಕಾರ್ಡು ಹಂಚಲೇ? ಜೀವನದಲ್ಲಿ ಮೊದಲ ಸಲ ಓಡಾಡಿ ಮಾಡುವಂಥ ಕೆಲಸ ನನಗೆ ಇರಲಿಲ್ಲ. ಸುಮ್ಮನಿರುವುದೇ ಕೆಲಸ. ಅದು ನನಗೆ ಬರುತ್ತಿರಲಿಲ್ಲ. ಒಂದು ಬಾಡಿಗೆ ಬಂತು, ಎಂಟು ದಿನ ಬಿಟ್ಟು ಇನ್ನೊಂದು. ಅಷ್ಟರಲ್ಲಿ ಪೇಟೆಯಲ್ಲಿ ಆಕಾಶಬುಟ್ಟಿಗಳು ತೂಗಾಡತೊಡಗಿದವು. ಅಂಗಡಿಗೆ ಸುಣ್ಣ ಹೊಡೆಸಿದರು. ಗಾದಿಗೆ ಹೊಸ ಗವುಸು ಹೊಲಿಸಿದರು. “ನಿನ್ನ ಜಾಗಾ ಮೆತ್ತಗ ಮಾಡಸೇವಿ, ಬಾರಪಾ” ಎಂದು ಮಾವನ ಜತೆ ಅಂಗಡಿ ನೋಡಿಕೊಳ್ಳುವ ಭಾವ ಊಟದ ಹೊತ್ತಿಗೆ ತಮ್ಮನನ್ನು ಕಾಡಿಸಿದರು. ಗಂಡ ನಕ್ಕು ರೊಟ್ಟಿ ಮುರಿದರು. ಪಾಡ್ಯದ ದಿನ ಮಾವನಿಗೆ ಏನು ಹೇಳಬೇಕೆಂದು ಬಟ್ಟೆ ಒಗೆಯುವಾಗೆಲ್ಲ ಬಾಯಿಪಾಠ ಮಾಡುತ್ತಿದ್ದೆ. ಒಂದು ದಿನ ಬೇಡಿಕೊಳ್ಳುವ ಮಾತು, ಮರುದಿನ ಜಗಳದ ಮಾತು.

ಹಬ್ಬ ಇನ್ನೇನು ಬಂತೆನ್ನುವಾಗ ಒಂದು ಮಧ್ಯಾಹ್ನ ಫೋನು ಬಂತು. ನೋಡಿದರೆ ಮಾವನ ಹೆಸರು. ಅಂಗಡಿಯಿಂದ ಕೂಗಿದರೆ ಮನೆಗೆ ಕೇಳಿಸುತ್ತದೆ. ಅವರು ಈ ನಂಬರಿಗೆ ಎಂದೂ ಫೋನು ಮಾಡಿದವರಲ್ಲ.

“ಗಾಡಿ ಐತೇನವಾ?”

ಹಂಗಿಸುತ್ತಿದ್ದಾರೆ ಎಂದುಕೊಂಡೆ. “ಐತ್ರಿ ಮಾವಾರ. ಎಲ್ಲಿಗ್ರಿ?” ಎಂದು ಬೇಕೆಂದೇ ಗಿರಾಕಿಗಳಿಗೆ ಕೇಳುವ ದನಿಯಲ್ಲೇ ಕೇಳಿದೆ.

“ಕೊಲ್ಹಾಪುರ. ನಾಳೆ ಮುಂಜಾನಿ. ಮನಿ ಮುಂದ ಬ್ಯಾಡ, ಎಸ್‌.ಟಿ. ಸ್ಟ್ಯಾಂಡಿನ ಹಿಂದ ನಿಂತಿರತೇನಿ.” ದನಿ ಸಣ್ಣದಾಗಿತ್ತು. “ದವಾಖಾನಿಗೆ. ಗಂಟಲದಾಗ ಗಂಟಾಗೇತಿ. ಖರೀದಿಗೆ ಹೊಂಟೇನಿ ಅಂತ ಹೇಳಿ ಬಸ್ಸಿನ್ಯಾಗ ಹೋಗಿ ತೋರಿಸಿ ಬಂದೇನಿ. ಇನ್ನ ಮ್ಯಾಲ ಬಸ್ಸಿನ್ಯಾಗ ಆಗಂಗಿಲ್ಲ.”

ಏನು ಗಂಟು ಎಂದು ಕೇಳಲು ಧೈರ್ಯ ಬರಲಿಲ್ಲ.

“ನಿಮ್ಮತ್ತಿಗೆ ಹೇಳಬ್ಯಾಡ, ಆಕಿ ಊಟಾ ಬಿಡತಾಳ. ದೊಡ್ಡಾವಗೂ ಬ್ಯಾಡ. ಅವಗ ತಿಳದ್ರ ಸಂಜಿ ಆಗೂದರಾಗ ಪ್ಯಾಟಿಗೆ ತಿಳೀತೈತಿ, ರೈತರು ಬ್ಯಾರೆ ಅಡತಿಗೆ ಹೊಕ್ಕಾರ.”

“ಇವರಿಗೇನ ಹೇಳಲಿರಿ?”

“ಗಾಡಿ ಹೊಡ್ಯಾಂವ ಅಂವನ ಅಲ್ಲೇನು. ಅಂವಗ ತಿಳದ್ರ ಚಿಂತಿಲ್ಲ, ಅಂವ ಹೇಳಂಗಿಲ್ಲ. ಪಾಡ್ಯ ಆದ ಮ್ಯಾಲೂ ವಾರ ವಾರ ಬರಬೇಕು ಅಂದಾರ. ಭಾಳ ದಿನ ಆದೀತಂತ. ಗಾಡಿ ಇರತೈತೇನವಾ?” ಎಂದರು.

ಗಡುವು ಕೊಟ್ಟವರೇ ಕೇಳುತ್ತಿದ್ದರು. ಅವರ ಬಾಯಿಂದ ಇಂಥದೊಂದು ಮಾತು ಬರಲೆಂದು ವರ್ಷವೆಲ್ಲ ಕಾದಿದ್ದೆ, ಬಂದರೆ ಹೇಗೆ ಹಿಗ್ಗಬೇಕೆಂದೂ ಲೆಕ್ಕ ಹಾಕಿದ್ದೆ. ಈಗ ಫೋನು ಹಿಡಿದು ಇದ್ದಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅವರನ್ನು ನಾನು ಇಷ್ಟು ಹಚ್ಚಿಕೊಂಡಿದ್ದೆನೆಂದು ನನಗೇ ಗೊತ್ತಿರಲಿಲ್ಲ.

“ಇರತೈತ್ರಿ ಮಾವಾರ” ಎಂದೆ. ಅವರು ಫೋನಿಟ್ಟರು.

ಅತ್ತೆ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದರು. “ಯಾರದವಾ ಫೋನು?” ಎಂದು ಕೇಳಿದರು.

“ಗಿರಾಕಿದ್ರೀ. ನಾಳೆ ಕೊಲ್ಹಾಪುರ. ಇನ್ನ ಮ್ಯಾಲ ವಾರ ವಾರ ಹೋಗಾವರಂತ.”

ಅತ್ತೆಯ ಮುಖ ಅರಳಿತು. “ಛಲೋ ಆತು ತಗೋ. ಪಾಡ್ಯಕ್ಕ ನಿಮ್ಮ ಮಾವನ ಮುಂದ ಹೇಳಾಕ ಒಂದರ ಖಾಯಂ ಗಿರಾಕಿ ಸಿಕ್ಕಂಗಾತು” ಎಂದರು.

ನಾನು ಹೂಂ ಎಂದೆ.