ಬೇವಿನ ಬುಡದ ಜಾಗ

ನರ್ಸಿಂಗ್ ಓದುವ ಹುಡುಗಿಯರಿಗೆ ವಾರಕ್ಕೊಂದು ತಾಸು ವೃತ್ತಿಯ ನೀತಿ ಕಲಿಸುವ ಕೆಲಸವೂ ನನ್ನ ಪಾಲಿಗಿದೆ. ರೋಗಿಯ ಇಚ್ಛೆಗೆ ಬೆಲೆ ಕೊಡಬೇಕು, ಒಳಿತು ಮಾಡಬೇಕು, ಕೆಡುಕು ಮಾಡಬಾರದು, ಗುಟ್ಟು ಕಾಯಬೇಕು. ಹುಡುಗಿಯರು ಬರೆದುಕೊಳ್ಳುತ್ತಾರೆ, ಬಾಯಿಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ ಮುತ್ತಿನಂಥ ಅಕ್ಷರದಲ್ಲಿ ಬರೆದು ಪಾಸಾಗುತ್ತಾರೆ. ಈ ಮಾತುಗಳೇ ಒಂದರ ಮೇಲೊಂದು ಜಗಳಕ್ಕೆ ನಿಂತರೆ ಯಾವುದರ ಪಕ್ಷ ಹಿಡಿಯಬೇಕೆಂದು ಇವತ್ತಿನವರೆಗೆ ಒಬ್ಬಳೂ ಕೇಳಿಲ್ಲ. ಕೇಳಿದರೆ ನಾನು ಕಮಲಾಪುರದ ಅವ್ವನ ವಿಷಯ ಹೇಳಬೇಕಾಗುತ್ತದೆ. ಕೇಳದಿರುವುದೇ ವಾಸಿ ಎಂದು ನಾನೂ ಸುಮ್ಮನಿದ್ದೇನೆ.

ಆಕೆ ಕಲಬುರಗಿಯ ನಮ್ಮ ವಾರ್ಡಿಗೆ ಬಂದಾಗ ಕಣ್ಣು ಅರಿಶಿಣ ಹಚ್ಚಿದಷ್ಟು ಹಳದಿಯಾಗಿದ್ದವು. ಕಮಲಾಪುರದಲ್ಲಿ ಕೆಂಪು ಬಾಳೆಯ ತೋಟ ಇದ್ದ ಮನೆತನ. ಗಂಡ ತೀರಿಕೊಂಡ ಮೇಲೆ ಒಬ್ಬನೇ ಮಗನ ಜೊತೆ ತೋಟ ನಡೆಸಿಕೊಂಡು ಬಂದವಳು. ಪಿತ್ತಕೋಶದಲ್ಲಿ ಹುಟ್ಟಿದ ಕ್ಯಾನ್ಸರ್ ಯಕೃತ್ತಿಗೂ ಹರಡಿತ್ತು. ಆಪರೇಷನ್ನಿನಿಂದ ಪ್ರಯೋಜನವಿರಲಿಲ್ಲ. ಕಟ್ಟಿಕೊಂಡ ಪಿತ್ತ ಹೊರಗೆ ಬರಲೆಂದು ಪಕ್ಕೆಯಲ್ಲಿ ಸಣ್ಣ ನಳಿಕೆ ಹಾಕಿ, ತುದಿಗೊಂದು ಚೀಲ ಕಟ್ಟಿದ್ದರು. ಆ ಚೀಲ ಖಾಲಿ ಮಾಡುವುದು, ನಳಿಕೆಯ ಸುತ್ತ ಡ್ರೆಸ್ಸಿಂಗ್ ಬದಲಿಸುವುದು ನನ್ನ ಕೆಲಸ.

ಮಗ ಮೊದಲ ದಿನವೇ ನನ್ನನ್ನು ವರಾಂಡಕ್ಕೆ ಕರೆದ. "ಸಿಸ್ಟರ್, ಅವ್ವಗ ಕಾಮಣಿ ಆಗ್ಯಾದ, ಇಳೀತದ ಅಂತ ಹೇಳೀನಿ. ನೀವೂ ಹಂಗ ಹೇಳ್ರಿ." ಕಾಮಣಿ ಎಂದರೆ ನಮ್ಮ ಕಡೆ ಕಾಮಾಲೆ.

"ಅವರ ಜೀವದ ಮಾತು ಅವರಿಗೇ ಹೇಳಬಾರದಂದ್ರ ಹೆಂಗ್ರಿ?" ಎಂದೆ. ನನಗೆ ಸಿಟ್ಟೇ ಬಂದಿತ್ತು. ನಮ್ಮ ಕಡೆ ಡಾಕ್ಟರು 'ಮನೆಯವರಿಗೆ ಹೇಳಿದ್ದೇನೆ' ಎಂದರೆ ಮಾತು ಮುಗಿಯಿತು. ಮಂಚದ ಮೇಲೆ ಮಲಗಿದವರು ಮನೆಯವರ ಲೆಕ್ಕಕ್ಕೆ ಬರುವುದಿಲ್ಲ. ಅದರಲ್ಲೂ ಹೆಂಗಸಾದರೆ ಆಕೆಯ ಹೊಟ್ಟೆಯ ಸಂಗತಿ ಊರಿಗೆಲ್ಲ ತಿಳಿದ ಮೇಲೆ ಆಕೆಗೆ.

ಅವನು ಜಗಳ ಮಾಡಲಿಲ್ಲ. "ನಮ್ಮಪ್ಪಗ ಗಂಟಲಾಗ ಆಗಿತ್ತು. ಡಾಕ್ಟರು ಅವನ ಮುಂದೇ ಹೇಳಿಬಿಟ್ರು. ಅವತ್ತ ಗ್ವಾಡಿ ಕಡೆ ಮುಖ ಮಾಡಿ ಮಲಗಿದಾಂವ ಮತ್ತ ಈ ಕಡೆ ಹೊಳ್ಳಲಿಲ್ರಿ. ಗಂಜಿ ಕುಡಸಾಕ ಹೋದ್ರ ಬಾಯಿ ಬಿಗಿ ಹಿಡೀತಿದ್ದ," ಎಂದ. ನನ್ನ ಅಭಿಪ್ರಾಯ ಬದಲಾಗಲಿಲ್ಲ, ಆದರೆ ಸಿಟ್ಟು ಇಳಿಯಿತು. ನಾನಾಗಿ ಹೇಳುವುದಿಲ್ಲ, ಆಕೆಯೇ ಕೇಳಿದರೆ ಸುಳ್ಳು ಹೇಳುವುದಿಲ್ಲ ಎಂದೆ. ಅವ್ವ ಕೇಳುವವಳಲ್ಲ ಎಂಬ ಧೈರ್ಯ ಅವನಿಗಿತ್ತು.

ಅವ್ವನನ್ನು ನೋಡುತ್ತಿದ್ದ ನಮ್ಮ ಡಾಕ್ಟರು ಹೈದರಾಬಾದಿನ ಕಡೆಯವರು, ಅವರಿಗೆ ಕನ್ನಡ ಅಷ್ಟಕ್ಕಷ್ಟೆ. ಮಗ ಅವರ ಜೊತೆ ಹಿಂದಿಯಲ್ಲಿ ಮಾತಾಡಿದ. ಅದೂ ಎಲ್ಲಿ, ಅವ್ವನ ಮಂಚದ ಪಕ್ಕದಲ್ಲೇ ನಿಂತು. ಗಡ್ಡೆ, ಹರಡಿದ್ದು, ಇನ್ನು ಆಸೆ ಇಲ್ಲದ್ದು, ಉಳಿದದ್ದು ಕೆಲವೇ ತಿಂಗಳು ಎಂಬುದು, ಎಲ್ಲ ಅಲ್ಲೇ ಆಯಿತು. ಅವ್ವ ಚಾದರದ ಅಂಚು ಮಡಚುತ್ತ ಕೂತಿದ್ದಳು. ಮಾತು ಮುಗಿಸಿ ಮಗ ಚಹಾ ತರಲು ಹೋದ.

"ಯವ್ವಾ, ಇಲ್ಲಿ ಬಾ," ಎಂದು ಅವ್ವ ನನ್ನ ಕೈ ಹಿಡಿದಳು. "ಡಾಕ್ಟರು ಕುಛ್ ಮಹೀನೇ ಅಂದ್ರಲ್ಲ, ಮಳಿಗಾಲ ದಾಟತೀನೋ ಇಲ್ಲೋ?"

"ನಿಮಗೆ ತಿಳೀತೇನ್ರಿ ಅವ್ವಾ?"

"ಇದೇ ಊರ ಕ್ವಾಟಿ ಹಿಂದ ಬಾಳಿಹಣ್ಣ ಮಾರಿ ಮಾರಿ ನನ್ನ ಹಲ್ಲ ಉದುರ್ಯಾವ. ಹಿಂದಿ ಬರದ ಅಲ್ಲಿ ಗಿರಾಕಿ ಕೂಡ ಹೆಂಗ ಚೌಕಾಶಿ ಮಾಡ್ಲಿ? ನನ್ನ ಮಗ ಏನ್ ತಿಳಕೊಂಡಾನಂದ್ರ, ಪಾಂಚ್ ದಸ್ ಬಿಟ್ರ ಅವ್ವಗ ಏನೂ ಬರಂಗಿಲ್ಲ ಅಂತ."

ಎದುರಿಗೆ ಪ್ರಶ್ನೆ ಬಂದಿತ್ತು. "ಮಳಿಗಾಲ ದಾಟೋದು ಕಷ್ಟ ಅದ್ರಿ," ಎಂದೆ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು, ಅಳುವವರಿಗೆ ಏನು ಮಾಡಬೇಕೆಂದು ನಮಗೆ ರೂಢಿ ಇದೆ. ಆಕೆ ಅಳಲಿಲ್ಲ. ಡಾಕ್ಟರನ್ನು, ಮಗನನ್ನು ಕೂರಿಸಿಕೊಂಡು ಎಲ್ಲ ಮಾತಾಡೋಣ ಎಂದೆ. ಕೈ ಇನ್ನೂ ಗಟ್ಟಿಯಾಗಿ ಹಿಡಿದಳು.

"ಬ್ಯಾಡ. ನನಗ ಗೊತ್ತಾಗ್ಯಾದ ಅಂತ ಅವಗ ತಿಳೀಬಾರ್ದು. ಸಣ್ಣಾಂವ ಇದ್ದಾಗಿಂದ ಅವಗ ಸುಳ್ಳ ಹೇಳಾಕ ಬರಂಗಿಲ್ಲ. ಈಗ ನನ್ನ ಸಲುವಾಗಿ ಕಷ್ಟಪಟ್ಟು ಹೇಳಾಕತ್ಯಾನ. ಅದು ದಂಡ ಆಗಬಾರ್ದು."

ಡಾಕ್ಟರಿಗೆ ಮಾತ್ರ ತಿಳಿಸಿದೆ. ಅವರು ಆಕೆ ಬಯಸಿದಂತೆ ಮನೆಗೆ ಕಳಿಸಿದರು. ನಮ್ಮಲ್ಲಿ ಇಂಥ ರೋಗಿಗಳ ಮನೆಗೆ ವಾರಕ್ಕೊಮ್ಮೆ ಜೀಪು ಹೋಗುತ್ತದೆ, ಹುಮನಾಬಾದ್ ರಸ್ತೆಯ ಕಡೆಯ ಮನೆಗಳು ನನಗೇ ಬಂದವು. ಇನ್ನು ಮುಂದೆ ತಾಯಿಗೋಸ್ಕರ ಮಗನ ಸುಳ್ಳನ್ನೂ ಕಾಯಬೇಕು, ಮಗನಿಗೆ ತಿಳಿಯದಂತೆ ತಾಯಿಯ ಗುಟ್ಟನ್ನೂ ಕಾಯಬೇಕು. ಅತ್ತ ದರಿ, ಇತ್ತ ಪುಲಿ. ಇಬ್ಬರ ಮೇಲೂ ನನಗೆ ಒಳಗೊಳಗೇ ರೇಗುತ್ತಿತ್ತು.

ಇಬ್ಬರೂ ನಾಟಕದ ಕಂಪನಿಯಲ್ಲಿದ್ದರೆ ಹೆಸರು ಮಾಡುತ್ತಿದ್ದರು. ನಾನು ಡ್ರೆಸ್ಸಿಂಗ್ ಬಿಚ್ಚುತ್ತಿದ್ದರೆ ಮಗ, "ಕಾಮಣಿ ಇಳೀಲಿ, ಶ್ರಾವಣದಾಗ ಶ್ರೀಶೈಲಕ್ಕ ಹೋಗೂಣು," ಎನ್ನುತ್ತಿದ್ದ. "ಹಂಗಾದ್ರ ಹೊಸಾ ಸೀರಿ ಬೇಕ ನೋಡು, ಹಳೇದು ಉಟ್ಕೊಂಡ ನಾ ಬರಂಗಿಲ್ಲ," ಎಂದು ಅವ್ವ. ಅವನು ನಕ್ಕು ಹೊರಗೆ ಹೋದ ಮೇಲೆ ಆಕೆಯ ಮುಖ ಇಳಿಯುತ್ತಿತ್ತು. ನೋವಿನ ಗುಳಿಗೆ ಸಾಕಾಗುತ್ತಿದೆಯೇ ಎಂದು ಆಗ ಕೇಳಬೇಕು, ಆಗಲೇ ನಿಜ ಹೇಳುತ್ತಿದ್ದಳು.

ಒಂದು ಸಲ ನಾನು ಹೋದಾಗ ಮಗ ತೋಟದ ಆಚೆ ತುದಿಗೆ ನೀರು ಬಿಡಲು ಹೋಗಿದ್ದ. ಪಿತ್ತದ ಚೀಲವನ್ನು ಸೆರಗಿನೊಳಗೆ ಮುಚ್ಚಿಕೊಂಡು ಅವ್ವ ಎದ್ದಳು. ನನ್ನ ತೋಳು ಹಿಡಿದು ಬಾವಿಯ ಬದಿಯ ಬೇವಿನ ಗಿಡದವರೆಗೆ ಬಂದು, ಬುಡಕ್ಕೆ ಕೂತು ಸುಧಾರಿಸಿಕೊಂಡಳು. "ನನ್ನ ಇಲ್ಲಿ ಇಡ್ಲಿ," ಎಂದಳು.

ಅವರ ಮನೆತನದಲ್ಲಿ ಸತ್ತವರನ್ನು ಸುಡುವುದಿಲ್ಲ. ಸ್ವಂತ ಹೊಲದಲ್ಲೇ ಕುಣಿ ತೋಡಿ, ಕೂರಿಸಿ ಮಣ್ಣು ಮಾಡುತ್ತಾರೆ. ತೋಟದ ಆಚೆ ಬದುವಿಗೆ ಮಾವ, ಗಂಡ, ಅತ್ತೆ ಸಾಲಾಗಿ ಇದ್ದರು. ಖಾಲಿ ಉಳಿದಿದ್ದದ್ದು ಅತ್ತೆಯ ಮಗ್ಗುಲು.

"ಅತ್ತಿ ಜೀವ ಇರೋತನಕ ಆಕಿ ಬಾಯಿಗೆ ಅಂಜಿ ಬದುಕೀನಿ. ಸತ್ತ ಮ್ಯಾಲ ಮತ್ತ ಆಕಿ ಬಗಲಾಗೇ ಕುಂಡ್ರಸಬ್ಯಾಡ್ರಿ. ಈ ತೋಟದಾಗ ನಾ ಕೂತು ಉಸಿರ ಬಿಟ್ಟ ಜಾಗ ಅಂದ್ರ ಇದೊಂದೇ."

ನನಗೆ ನಗು ಬಂತು. ಆಕೆಯೂ ನಕ್ಕಳು. ಆಮೇಲೆ ನಾನು, "ಇದನ್ನ ಮಗಗ ನೀವೇ ಹೇಳ್ರಿ," ಎಂದೆ.

"ಹೇಳಿದ್ರ ತಿಳೀತದಲ್ಲ ನನಗ ಗೊತ್ತದ ಅಂತ. ನೀ ಹೇಳು, ನಾ ಹೋದ ಮ್ಯಾಲ."

"ಆಗ ಹೇಳಿದ್ರೂ ತಿಳೀತದಲ್ರಿ ಅವ್ವಾ."

"ನೀ ಓದಿದಾಕಿ. ಏನರೆ ಮಾಡು," ಎಂದು ಕೈ ತೊಳೆದುಕೊಂಡಳು.

ಅವತ್ತು ಜೀಪು ಹತ್ತುವ ಮೊದಲು ಮಗನನ್ನು ನಿಲ್ಲಿಸಿ, ಅವ್ವನಿಗೆ ಏನು ಆಸೆ ಇದೆ ಎಂದು ಒಮ್ಮೆ ಕೇಳಿ ನೋಡಿ ಎಂದೆ. "ಕೇಳಿದ್ರ ಸಂಶಯ ಬರ್ತದ್ರಿ. ಈಗ ಉಣ್ಣಾಕತ್ಯಾಳ, ನಗಾಕತ್ಯಾಳ, ಹಂಗೇ ಇರ್ಲಿ," ಎಂದ. ಬಾಗಿಲು ನಾನು ತಟ್ಟಬಹುದಿತ್ತು, ಅವನ ಪರವಾಗಿ ತೆಗೆಯುವ ಹಾಗಿರಲಿಲ್ಲ. ಮುಂದಿನ ವಾರಗಳಲ್ಲೂ ತಟ್ಟಿ ನೋಡಿದೆ. ಅವನ ಉತ್ತರ ಅದೇ.

ಮೃಗಶಿರ ಮಳೆ ಬಿದ್ದ ಮೇಲೆ ಒಂದು ಬೆಳಿಗ್ಗೆ ಫೋನು ಬಂತು. "ಅವ್ವ ಹೋದ್ಳ್ರಿ. ಪಕ್ಕಿಯಾಗಿನ ಆ ನಳಿಗಿ ಹೆಂಗ ತೆಗೀಬೇಕು? ಅದನ್ನ ಇಟ್ಟು ಮಣ್ಣ ಕೊಡಬಾರ್ದು ಅಂತ ಕಾಕಾ ಅನ್ನಾಕತ್ಯಾನ." ಏನೂ ಮುಟ್ಟಬೇಡಿ, ನಾನೇ ಬರುತ್ತೇನೆ ಎಂದು ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಒಂದೇ ಯೋಚನೆ. ಜಾಗ ತಿಳಿಸಿದರೆ ಅವ್ವನ ಗುಟ್ಟು ಒಡೆಯುತ್ತದೆ. ಗುಟ್ಟು ಕಾಯ್ದರೆ ಆಕೆ ಅತ್ತೆಯ ಮಗ್ಗುಲಿಗೆ ಕೂರಬೇಕಾಗುತ್ತದೆ. ಎರಡೂ ಆಕೆ ನನಗೇ ಒಪ್ಪಿಸಿದ ಮಾತು, ಒಪ್ಪಿಸಿದವಳು ಈಗ ಕೇಳಲು ಸಿಗುವವಳಲ್ಲ.

ಮನೆಯಲ್ಲಿ ಆಕೆಯನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ. ಹೆಂಗಸರನ್ನು ಹೊರಗೆ ಕಳಿಸಿ, ನಳಿಕೆ ತೆಗೆದು, ತೂತಿಗೆ ಹತ್ತಿಯಿಟ್ಟು ಪಟ್ಟಿ ಹಾಕಿದೆ, ಸೀರೆ ಸರಿಮಾಡಿದೆ. ಹಾಗೆ ಮಾಡುವಾಗ ನನಗೆ ದುಃಖ ಬಂತು. ರೋಗಿಗಳು ಸತ್ತಾಗೆಲ್ಲ ಬರುವುದಿಲ್ಲ, ಅವತ್ತು ಬಂತು. ಕಣ್ಣೊರೆಸಿಕೊಂಡು ಹೊರಗೆ ಬಂದರೆ ಗಂಡಸರು ಸಲಿಕೆ ಗುದ್ದಲಿ ಹಿಡಿದು ತೋಟದ ಕಡೆ ಹೊರಟಿದ್ದರು. ಮುಂದೆ ಕಾಕಾ, ಅಂದರೆ ಅವ್ವನ ಮೈದುನ. "ಲಗೂನ ನಡೀರಿ. ಒಮ್ಮಿ ಗುದ್ದಲಿ ಹಾಕಿದ ಕುಣಿ ಖಾಲಿ ಬಿಡಬಾರ್ದು, ಜಾಗಾ ಮೊದ್ಲ ನೋಡಿ ಹಾಕ್ರಿ," ಎನ್ನುತ್ತಿದ್ದ.

ಆ ಮಾತು ನನ್ನನ್ನು ಓಡಿಸಿತು. ಇನ್ನು ಗುದ್ದಲಿ ಬಿದ್ದ ಮೇಲೆ ನಾನು ಹೇಳಿ ಫಲವಿಲ್ಲ. ಬದುವಿನ ಹತ್ತಿರ ಮಗನನ್ನು ಹಿಡಿದೆ. ದಾರಿಯಲ್ಲಿ ಹೊಂದಿಸಿಕೊಂಡ ಅರ್ಧ ಸತ್ಯ ಬಾಯಲ್ಲಿತ್ತು. "ಒಂದಿನ ಬೇವಿನ ಬುಡಕ್ಕ ಕೂತಾಗ ನಿಮ್ಮ ಅವ್ವ ಮಾತಿಗೆ ಅಂದಿದ್ರು, ತನ್ನ ಅಲ್ಲೇ ಇಡ್ಲಿ ಅಂತ," ಎಂದೆ.

"ಯಾವಾಗ?"

"ಎರಡು ತಿಂಗಳಾತು."

ಅವನು ನನ್ನ ಮುಖವನ್ನೇ ನೋಡಿದ. "ಕಾಮಣಿ ಇಳೀತದ ಅಂತ ತಿಳಕೊಂಡಾಕಿ ಮಣ್ಣಿನ ಜಾಗಾ ಯಾಕ ನೋಡ್ತಾಳ್ರಿ? ಆಕಿಗೆ ಗೊತ್ತಿತ್ತೇನು?"

ಇಲ್ಲ ಎನ್ನಬಹುದಿತ್ತು. ಅವ್ವ ಬಯಸಿದ್ದೂ ಅದನ್ನೇ. ಆದರೆ ತಾಯಿಯ ಪ್ರಶ್ನೆಗೆ ಸುಳ್ಳು ಹೇಳುವುದಿಲ್ಲವೆಂದು ಅವನೆದುರು ನಿಷ್ಠುರವಾಗಿ ಹೇಳಿದವಳು, ಮಗನ ಪ್ರಶ್ನೆಗೆ ಹೇಳಲಾರದೆ ಹೋದೆ. "ಗೊತ್ತಿತ್ತು. ದವಾಖಾನಿಯಾಗ ಡಾಕ್ಟರು ಹೇಳಿದ ದಿನದಿಂದ," ಎಂದೆ.

ಅವನು ಕಾಕಾನ ಕೈಯಿಂದ ಗುದ್ದಲಿ ತೆಗೆದುಕೊಂಡು ಬಾವಿಯ ಕಡೆ ನಡೆದ. ಸಾಲು ಬಿಟ್ಟು ಅಲ್ಯಾಕೆ, ಮಂದಿ ಏನಂದಾರು ಎಂದು ಕಾಕಾ ಹಿಂದಿನಿಂದ ಕೂಗಿದ. "ಅವ್ವ ಹೇಳ್ಯಾಳ," ಎಂದಷ್ಟೇ ಹೇಳಿ, ಬೇವಿನ ಬುಡದಲ್ಲಿ ಮೊದಲ ಗುದ್ದಲಿ ತಾನೇ ಹಾಕಿದ. ಉಳಿದವರು ಬಂದು ಕೈಗೂಡಿಸಿದರು. ಕೆಲಸ ನಡೆದಾಗ ಅವನು ನನ್ನ ಹತ್ತಿರ ಬಂದು ಬಾವಿಕಟ್ಟೆಯ ಮೇಲೆ ಕೂತ. ಕೈ ಮಣ್ಣಾಗಿದ್ದವು.

"ಶ್ರೀಶೈಲ ಅಂದಾಗ ಹೊಸಾ ಸೀರಿ ಕೇಳಿದ್ಳಲ್ರಿ," ಎಂದ.

ಅಂಗೈಯ ಮಣ್ಣು ತಿಕ್ಕಿ ಉದುರಿಸಿದ.

"ಅಷ್ಟ ದಿನ ಆಕಿ ಒಬ್ಬಾಕೀನೇ ಅಂಜಿರಬೇಕು."

"ಒಬ್ಬರೇ ಅಲ್ರಿ, ನಾ ಬರ್ತಿದ್ನಲ್ಲ. ನನ್ನ ಕೂಡ ಮಾತಾಡ್ತಿದ್ರು," ಎಂದೆ. ಸಮಾಧಾನವಾಗಲಿ ಎಂದೇ ಹೇಳಿದ್ದು.

ಅವನು ತಲೆ ಎತ್ತಿದ. ಕಣ್ಣಿನಲ್ಲಿ ನನ್ನ ಮೇಲೆ ಸಿಟ್ಟಿತ್ತೋ, ತನ್ನ ಮೇಲೆಯೋ ನನಗೆ ತಿಳಿಯಲಿಲ್ಲ.

"ನೀವು ವಾರಕ್ಕೊಮ್ಮಿ ಬರ್ತಿದ್ರಿ," ಎಂದ. "ನಾ ದಿನಾ ಆಕಿ ಮಂಚದ ಬಗಲಾಗೇ ಮಲಗ್ತಿದ್ನಿ."