ರಾಮಿಬಾಯಿ ಬೋಣಿ ವಾಪಸು ಕೊಟ್ಟದ್ದು

ಕೋಲ್ವಾ ಬೀಚಿನಲ್ಲಿ ರಾಮಿಬಾಯಿಯನ್ನು ಅರಿಯದವರು ಯಾರಿದ್ದಾರೆ! ಮುಂಗೈ ತುಂಬ ಸರ, ಗೆಜ್ಜೆ. ಹೆಗಲ ಮೇಲೆ ಕನ್ನಡಿ ಹೊಲಿದ ಚೀಲಗಳ ಗೊಂಚಲು. ಬಾಯಲ್ಲಿ ಹತ್ತಾರು ದೇಶದ ಮಾತಿನ ಚಿಲ್ಲರೆ. ರಷ್ಯದವರಿಗೆ ರಷ್ಯನ್ನಿನಲ್ಲಿ ರೇಟು ಹೇಳುತ್ತಾಳೆ, ದಿಲ್ಲಿಯವರ ಜೊತೆ ಹಿಂದಿಯಲ್ಲಿ ಜಗಳ ಆಡುತ್ತಾಳೆ, ಓಡಿಸಲು ಬಂದ ಪೊಲೀಸರ ಮುಂದೆ ಕೊಂಕಣಿಯಲ್ಲಿ ಅಳುತ್ತಾಳೆ. ಓದು ಬರಹ ಮಾತ್ರ ಯಾವ ಭಾಷೆಯದೂ ಬಾರದು. ವಿಜಯಪುರದ ಕಡೆಯ ತಾಂಡಾದಿಂದ ಗಂಡ ಠಾಕಪ್ಪನ ಬೆನ್ನು ಹತ್ತಿ ಬಂದು, ಫಾತೋರ್ಡಾದ ಒಂದೇ ಕೋಣೆಯಲ್ಲಿ ಸಂಸಾರ ಹೂಡಿ ಇಪ್ಪತ್ತು ವರ್ಷದ ಮೇಲಾಯಿತು. ಠಾಕಪ್ಪ ಗಾರೆ ಕೆಲಸದವ. ಮಾತು ಕಡಿಮೆ. ಅವನ ಪಾಲಿನದನ್ನೂ ಇವಳೇ ಆಡಿಬಿಡುತ್ತಾಳೆ.

ಈ ರಾಮಿಬಾಯಿ ದೇವರಿಗೆ ಹೆದರುತ್ತಾಳೋ ಇಲ್ಲವೋ, ಬೋಣಿಗೆ ಹೆದರುತ್ತಾಳೆ. ದಿನದ ಮೊದಲ ವ್ಯಾಪಾರ ಅದು. ಮೊದಲ ಗಿರಾಕಿ ಎಷ್ಟು ಕಡಿಮೆಗೆ ಕೇಳಿದರೂ ಬರಿಗೈಯಲ್ಲಿ ಕಳಿಸುವಂತಿಲ್ಲ. ಬಂದದ್ದನ್ನು ಕಣ್ಣಿಗೆ ಒತ್ತಿಕೊಳ್ಳಬೇಕು. ಬೋಣಿ ಬಿಟ್ಟರೆ ಆ ದಿನ ಹಾಳು. ಇನ್ನು ಬೋಣಿ ವಾಪಸು ಕೊಡುವುದೆಂದರೆ, ಬಿಡಿ, ಅಂಥ ಮಾತನ್ನು ಬೀಚಿನಲ್ಲಿ ಯಾರೂ ಬಾಯಿಂದ ಕೂಡ ಆಡುವುದಿಲ್ಲ.

ಅವಳ ಒಬ್ಬಳೇ ಮಗಳು ಸುಮಲತಾ ಕಾಲೇಜಿನಲ್ಲಿ ಭೂವಿಜ್ಞಾನ ಓದುತ್ತಿದ್ದಳು. ನಾಲ್ಕು ವರ್ಷದ ಪದವಿ, ಆಗ ಮೂರನೆಯ ವರ್ಷ. ಅವಳ ಟೀಚರು ಸುಮಯ್ಯಾ ಮೇಡಂ ಒಂದು ಫೆಲೋಶಿಪ್ಪಿನ ಸುದ್ದಿ ತಂದಿದ್ದರು. ಮುಂದೆ ಎಂ.ಎಸ್ಸಿ. ಮಾಡುವ ಆಸೆಯುಳ್ಳ ಮೂರನೆಯ ವರ್ಷದ ಹುಡುಗರನ್ನು ಒಂದು ದೊಡ್ಡ ಸಂಶೋಧನಾ ಸಂಸ್ಥೆ ಬೇಸಿಗೆಯಲ್ಲಿ ಕರೆಸಿ ಕೆಲಸ ಕಲಿಸುತ್ತದೆ, ಆಮೇಲೆ ಎಂ.ಎಸ್ಸಿ.ಯ ಓದು, ಊಟ, ವಸತಿ ಎಲ್ಲ ಅದರದೇ. ಸುಮಲತಾ ಅರ್ಜಿ ಹಾಕಿದ್ದಳು. ಸಂದರ್ಶನ ಇನ್ನೂ ಬಾಕಿ ಇತ್ತು. ದೇಶದ ಮೂಲೆಮೂಲೆಯ ಜಾಣರೆಲ್ಲ ಅದಕ್ಕೇ ಬಾಯಿ ಬಿಟ್ಟುಕೊಂಡು ಕೂತಿದ್ದರು.

ಅಷ್ಟರಲ್ಲಿ ರಂಜನಾಬಾಯಿ ನಡುವೆ ಬಂದಳು. ಮಡಗಾಂವ ಮಾರ್ಕೆಟ್ಟಿನಲ್ಲಿ ಅವಳದು ಬಟ್ಟೆ ಅಂಗಡಿ; ಶಾಲೆಯೊಂದನ್ನು ನಡೆಸುವ ಟ್ರಸ್ಟೂ ಅವಳ ಮನೆತನದ್ದೇ. ರಾಮಿಬಾಯಿ ಚೀಲ ಹೊಲಿಯಲು ತುಂಡು ಬಟ್ಟೆ ಕೊಳ್ಳುವುದು ಅಲ್ಲೇ. ಲಂಬಾಣಿ ಹೆಂಗಸರ ಜೊತೆ ಏಗಿ ಏಗಿ ರಂಜನಾಬಾಯಿಗೂ ಕನ್ನಡ ಬಂದುಬಿಟ್ಟಿತ್ತು.

"ಕಿತೆಂ ಗೋ ರಾಮಿ, ನಿನ್ನ ಮಗಳು ಶಾಣೇ ಅದಾಳಂತಲ್ಲ? ನಮ್ಮ ಟ್ರಸ್ಟಿನಿಂದ ಓದಸ್ತೇವು. ಪದವಿ ಮುಗಿಸಿ ಬಿ.ಎಡ್. ಮಾಡ್ಲಿ, ನಮ್ಮ ಸಾಲ್ಯಾಗ ಟೀಚರ್ ಆಗ್ಲಿ. ಆದ್ರ ಬ್ಯಾರೆ ಎಲ್ಲೂ ಅರ್ಜಿ ಹಾಕಿರಬಾರ್ದು ನೋಡು."

ಮಗಳ ಓದಿಗೆಂದು ಬಂದ ಮೊಟ್ಟಮೊದಲ ಮಾತು! ರಾಮಿಬಾಯಿ ಹಿಂದೆ ಮುಂದೆ ನೋಡಲಿಲ್ಲ. "ಆತ್ರಿ ಬಾಯಿ, ಆತು" ಎಂದಳು. ಮಾತು ಗಟ್ಟಿಯಾಯಿತೆಂದು ರಂಜನಾಬಾಯಿ ಕೊಟ್ಟ ತೆಂಗಿನಕಾಯಿಯನ್ನು ಕಣ್ಣಿಗೆ ಒತ್ತಿಕೊಂಡು ಮನೆಗೆ ತಂದು ಸಂತ ಸೇವಾಲಾಲರ ಪಟದ ಮುಂದಿಟ್ಟಳು.

ಸಂಜೆ ಮಗಳು ಅದನ್ನು ನೋಡಿ ಕೇಳಿದಳು, ತಿಳಿದಳು, ಬೆಂಕಿಯಾದಳು.

"ಯಾಡಿ, ನನ್ನ ಒಂದ್ ಮಾತ ಕೇಳದ ಹೂಂ ಅಂದ್ಯಾ?" ತಾಯಿಗೆ ಲಂಬಾಣಿಯಲ್ಲಿ ಯಾಡಿ ಅನ್ನುತ್ತಾರೆ.

"ಮದಲ ಬಂದದ್ದು ಬಿಡಬಾರ್ದವ್ವಾ. ಬೋಣಿ ಅದು."

"ನಾ ಏನ್ ನಿನ್ನ ಚೀಲಾ ಏನ, ಬಂದ ರೇಟಿಗೆ ಕೊಟ್ಟು ಕಳಸಾಕ?"

ರಾಮಿಬಾಯಿಗೆ ಕಪಾಳಕ್ಕೆ ಹೊಡೆದಂತಾಯಿತು. ಸ್ವಲ್ಪ ಹೊತ್ತಿಗೆ ಮಗಳೇ ಹತ್ತಿರ ಬಂದು ಕೂತಳು.

"ನಾಳೆ ಒಮ್ಮೆ ನಮ್ಮ ಕಾಲೇಜಿಗೆ ಬಾ. ನಾ ಓದೂದು ನೋಡು. ಆಮ್ಯಾಲ ನೀ ಹೆಂಗ ಹೇಳ್ತಿ ಹಂಗ."

ಮರುದಿನ ರಾಮಿಬಾಯಿ ಗುಡಿಗೆ ಹೋದವಳ ಹಾಗೆ ಚಪ್ಪಲಿ ಹೊರಗೆ ಬಿಟ್ಟು ಲ್ಯಾಬಿನೊಳಗೆ ಕಾಲಿಟ್ಟಳು. ಮಗಳು ಕಪಾಟಿನಿಂದ ಏನಾದರೂ ತೆಗೆದು ತೋರಿಸುತ್ತಾಳೆಂದು ನೋಡಿದರೆ, ಆ ಹುಡುಗಿ ನೆಲದ ಮೇಲೆ ಕೂತು ತಾಯಿಯ ಲಂಗದ ಅಂಚನ್ನೇ ಹಿಡಿದು ಕೊಡವಿದಳು! ಹೊಲಿಗೆಯ ಮಡಿಕೆಯಲ್ಲಿ ಸಿಕ್ಕಿಕೊಂಡಿದ್ದ ಬೀಚಿನ ಉಸುಕು ಚಿಟಿಕೆಯಷ್ಟು ಉದುರಿತು. ಅದನ್ನು ಗಾಜಿನ ಮೇಲೆ ಹರಡಿ, ಸೂಕ್ಷ್ಮದರ್ಶಕದ ಕೆಳಗಿಟ್ಟು, "ಒಂದ್ ಕಣ್ಣ ಮುಚ್ಚಿ ನೋಡು" ಎಂದಳು.

ರಾಮಿಬಾಯಿ ಬಗ್ಗಿ ನೋಡಿದಳು. ಅಬ್ಬಬ್ಬಾ! ದಾಳಿಂಬೆ ಕಾಳಿನಂಥ ಕೆಂಪು ಹರಳು, ಜೇನಿನ ಬಣ್ಣದ್ದು, ಒಳಗೇ ದೀಪ ಹಚ್ಚಿಟ್ಟಂತೆ ಹೊಳೆಯುವ ಬಿಳಿಯದು. ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಶಂಖ, ಅದರ ಮೇಲೂ ಯಾರೋ ಕೂತು ಕೆತ್ತಿದಂಥ ಗೆರೆ. ತಲೆಯೆತ್ತಿ ಲಂಗದ ಅಂಚು ನೋಡಿಕೊಂಡಳು. ಮತ್ತೆ ಬಗ್ಗಿದಳು. ಮತ್ತೆ ಅದೇ ವೈಭವ.

"ಯಾರ ಇಟ್ಟಾರ ಇವನ್ನ ಒಳಗ?"

"ಯಾರೂ ಇಟ್ಟಿಲ್ಲ. ನೀ ದಿನಾ ಝಾಡಿಸಿ ಹೊರಗ ಒಗಿಯೋ ಉಸುಕು."

"ಈ ಕೆಂಪಂದು?"

"ಗಾರ್ನೆಟ್. ಘಟ್ಟದ ಕಲ್ಲಿನಾಗಿತ್ತು. ಮಳಿ ಕೊರದು, ಹೊಳಿ ಹೊತ್ತು ತಂದು ಸಮುದ್ರಕ್ಕ ಹಾಕೇತಿ. ಕೋಟಿಗಟ್ಟಲೆ ವರ್ಷದ್ದು ಯಾಡಿ. ಮನಷ್ಯಾರು ಹುಟ್ಟೂದಕ್ಕಿಂತ ಮದಲಿಂದು."

ಹೋದ ತಿಂಗಳು ಹೊಲಿದ ಚೀಲವನ್ನು 'ನಮ್ಮಜ್ಜಿ ಕಾಲದ್ದು, ನೂರು ವರ್ಷದ್ದು' ಎಂದು ಕಣ್ಣು ಮಿಟುಕಿಸದೆ ಮಾರುವವಳು ರಾಮಿಬಾಯಿ. ಆ ರಾಮಿಬಾಯಿಗೆ ಕೋಟಿ ವರ್ಷ ಕೇಳಿ ನಾಲಿಗೆ ಒಣಗಿತು. ಹರಳಿಗಿಂತ ಹೆಚ್ಚಾಗಿ ಅದನ್ನು ಹೇಳುತ್ತಿದ್ದ ಮಗಳ ಮುಖವನ್ನು ನೋಡಿ ಒಣಗಿತು. ಈ ಮುಖವನ್ನು ಅವಳು ಮನೆಯಲ್ಲಿ ಒಮ್ಮೆಯೂ ಕಂಡಿರಲಿಲ್ಲ.

"ಬಿ.ಎಡ್. ಮಾಡಿದ್ರ ಇದು?"

"ಇಲ್ಲಿಗೇ ಮುಗೀತು."

ಅಂದೇ ಮಧ್ಯಾಹ್ನ ರಾಮಿಬಾಯಿ ತೆಂಗಿನಕಾಯಿ ಸೆರಗಿನಲ್ಲಿ ಕಟ್ಟಿಕೊಂಡು ಮಾರ್ಕೆಟ್ಟಿಗೆ ಹೋದಳು. ಅದನ್ನು ಇನ್ನೊಮ್ಮೆ ಕಣ್ಣಿಗೆ ಒತ್ತಿಕೊಂಡು ಅಂಗಡಿಯ ಕಟ್ಟೆಯ ಮೇಲೆ ಇಟ್ಟಳು. ಹೆದರಿಕೆ ರಂಜನಾಬಾಯಿಯದಲ್ಲ, ಬೋಣಿಯದು.

"ತಪ್ಪಾತ್ರಿ ಬಾಯಿ. ಹುಡುಗಿನ ಕೇಳದ ಮಾತ ಕೊಟ್ಟಿದ್ನಿ. ಆಕಿ ಬ್ಯಾರೆ ಕಡೆ ಅರ್ಜಿ ಹಾಕ್ಯಾಳ್ರಿ, ಅದನ್ನ ಓದ್ತಾಳ್ರಿ."

ರಂಜನಾಬಾಯಿ ಕಾಯಿಯನ್ನೂ ಅವಳನ್ನೂ ನೋಡಿದಳು. "ಆ ಇನ್ನೊಂದು ಸಿಕ್ಕೇ ಸಿಗ್ತದ ಅಂತ ಯಾರ ಹೇಳಿದ್ರು?"

"ಯಾರೂ ಹೇಳಿಲ್ರಿ."

"ಸಿಗಲಿಲ್ಲಂದ್ರ ಹೊಳ್ಳಿ ಬರಬ್ಯಾಡ. ನಮ್ಮಲ್ಲಿ ಭಾಳ ಮಂದಿ ಕಾಯಾಕತ್ತಾರ."

"ಬರಂಗಿಲ್ರಿ ಬಾಯಿ."

ರಾಮಿಬಾಯಿ ಹೊರಗೆ ಬಂದಳು. ಕೈಯಲ್ಲಿದ್ದದ್ದು ಹೋಯಿತು, ಬರುವುದು ಗೊತ್ತಿಲ್ಲ. ಇದು ತಪ್ಪಿದರೆ ಮಗಳು ಇಂಥ ಓದನ್ನು ಬಿಟ್ಟು ತನ್ನ ಹಿಂದೆ ಚೀಲ ಹೊತ್ತು ಬೀಚಿಗೆ ಬರಬೇಕು, ಅಷ್ಟೇ. ಮನೆಯಲ್ಲಿ ಠಾಕಪ್ಪ ಎಲ್ಲ ಕೇಳಿ, ಬಹಳ ಹೊತ್ತು ಬೀಡಿ ಸೇದಿ, "ಚಲೋ ಮಾಡಿದಿ" ಎಂದ. ಅವನಿಗೆ ಅದೇ ಒಂದು ಭಾಷಣ.

ಸಂದರ್ಶನ ಕಂಪ್ಯೂಟರಿನಲ್ಲೇ ನಡೆಯಿತು, ಸುಮಯ್ಯಾ ಮೇಡಂ ಕೋಣೆಯಲ್ಲಿ. ರಾಮಿಬಾಯಿ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಬಾಗಿಲ ಸಂದಿಯಿಂದ ಯಾರೋ ದೊಡ್ಡವರು ಗಡಸು ದನಿಯಲ್ಲಿ ಏನೇನೋ ಕೇಳುವುದು, ಸುಮಲತಾ ನಿಧಾನವಾಗಿ ಉತ್ತರ ಕೊಡುವುದು ಕೇಳುತ್ತಿತ್ತು. ರಾಮಿಬಾಯಿಗೆ ಬರುವ ಇಂಗ್ಲಿಷಿನಲ್ಲಿ ರೇಟು ಬಿಟ್ಟರೆ ಬೇರೇನಿಲ್ಲ; ಒಂದಕ್ಷರ ಅರ್ಥವಾಗಲಿಲ್ಲ. ಆದರೆ ಬರಬರುತ್ತ ಆ ಗಡಸು ದನಿ ಮೆತ್ತಗಾಯಿತು. ಕೊನೆಕೊನೆಗೆ ಆ ಕಡೆಯವರೆಲ್ಲ ಸುಮ್ಮನೆ ಕೇಳುತ್ತಿದ್ದರು, ಇವಳ ಮಗಳೊಬ್ಬಳೇ ಮಾತಾಡುತ್ತಿದ್ದಳು. ಇದು ನನ್ನ ಹೊಟ್ಟೆಯಲ್ಲಿ ಹುಟ್ಟಿದ ಕೂಸೇ ಹೌದೇ ಎಂದು ರಾಮಿಬಾಯಿಗೆ ಸಂಶಯ ಬಂದಿತು.

ಉತ್ತರ ಬಂದ ದಿನ ಬೀಚಿನಲ್ಲಿ ಗದ್ದಲವೋ ಗದ್ದಲ. ರಾಮಿಬಾಯಿ ಒಬ್ಬ ಬಿಳಿ ಹೆಂಗಸಿನ ಕಾಲಿಗೆ ಗೆಜ್ಜೆ ಕಟ್ಟುತ್ತಿದ್ದಳು. ದೂರದಿಂದ ಮಗಳು ಓಡಿಬರುವುದು ಕಂಡಿತು. ಹತ್ತಿರ ಬಂದು ಏದುಸಿರು ಬಿಡುತ್ತಾ ಅಂದಳು:

"ತೊಗೊಂಡ್ರು ಯಾಡಿ! ನನ್ನ ತೊಗೊಂಡ್ರು! ಏಪ್ರಿಲ್‌ದಾಗ ಹಡಗದಾಗ ಕರಕೊಂಡ ಹೊಕ್ಕಾರಂತ. ಸಮುದ್ರದ ತಳದಾಗಿನ ಉಸುಕು ತೆಗ್ಯಾಕ."

"ಎಲ್ಲಿಗೆ?"

"ಅಲ್ಲೆ" ಎಂದು ಸುಮಲತಾ ಕೈ ಚಾಚಿದಳು.

ರಾಮಿಬಾಯಿ ಅತ್ತ ತಿರುಗಿದಳು. ಗಿರಾಕಿಗಳು ಸಮುದ್ರ ನೋಡುತ್ತಾ ಮಲಗಿರುತ್ತಾರೆ, ಮಾರುವವರು ಗಿರಾಕಿಗಳ ಮುಖ ನೋಡುತ್ತಾ ನಿಂತಿರುತ್ತಾರೆ. ಹಾಗಾಗಿ ಇಷ್ಟು ವರ್ಷ ಸಮುದ್ರಕ್ಕೆ ಬೆನ್ನು ಹಾಕಿಯೇ ಬದುಕಿದವಳು ಅವಳು. ಈಗ ನೋಡಿದರೆ, ಎಷ್ಟು ದೊಡ್ಡದು ಅದು! ಎಲ್ಲಿಯೂ ಮುಗಿಯುವುದೇ ಇಲ್ಲ. ಕಟ್ಟುತ್ತಿದ್ದ ಗೆಜ್ಜೆ ಕೈಯಲ್ಲೇ ಉಳಿಯಿತು. ಬಿಳಿ ಹೆಂಗಸು ಏನೋ ಅಂದಳು, ಇವಳಿಗೆ ಕೇಳಿಸಲಿಲ್ಲ. ಕಣ್ಣಿಂದ ನೀರು ಇಳಿಯುತ್ತಿತ್ತು.

"ಅದರ ತಳ ಯಾರರೆ ನೋಡ್ಯಾರೇನ?" ಎಂದು ಪಿಸುದನಿಯಲ್ಲಿ ಕೇಳಿದಳು.

"ಕೆಲವು ಕಡೆ ಇನ್ನೂ ಯಾರೂ ನೋಡಿಲ್ಲ ಯಾಡಿ."

"ಹಂಗಾರ ನೀ ನೋಡಿ ಬಾ" ಎಂದಳು ರಾಮಿಬಾಯಿ.