ಸೀಮೆಎಣ್ಣೆಯಲ್ಲಿ ತೊಳೆದ ಬ್ರೇಕು

ಹತ್ತಿಯ ಧೂಳು ಬಿಡದಿದ್ದರೆ ಎದೆ ಉಳಿಯುವುದಿಲ್ಲ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ ಮೇಲೆ, ನನ್ನ ಗಂಡ ಗಿರಣಿ ಕೆಲಸ ಬಿಟ್ಟು ಒಂದು ಹಳೆಯ ವಿಲಾಯಿತಿ ಕಾರು ಕೊಂಡು ಬಾಡಿಗೆಗೆ ಓಡಿಸತೊಡಗಿದರು. ಆಗ ರಾಜಾಜಿನಗರದಲ್ಲಿ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚು. ಆದರೂ ಮದುವೆ, ಹೆರಿಗೆ ಎಂದು ಯಾರಾದರೂ ಕರೆಯುತ್ತಿದ್ದರು, ಹೇಗೋ ಹೊಟ್ಟೆ ತುಂಬುತ್ತಿತ್ತು. ಮುಖ್ಯವಾಗಿ, ಅವರು ಕೆಮ್ಮದೆ ನಿದ್ದೆ ಮಾಡುತ್ತಿದ್ದರು. ಅದಕ್ಕಿಂತ ಹೆಚ್ಚಿನದು ನನಗೆ ಬೇಕಿರಲಿಲ್ಲ.

ಆಯುಧಪೂಜೆ ಬಂತು. ಹಿಂದಿನ ಬ್ರೇಕುಗಳು ಸವೆದು ಕಿರುಗುಟ್ಟುತ್ತಿದ್ದವು. ಚಕ್ರವನ್ನು ಒತ್ತಿ ಹಿಡಿಯುವ ಹೊಸ ಬ್ರೇಕ್ ಶೂ ಹಾಕಿಯೇ ಪೂಜೆ ಮಾಡೋಣವೆಂದು ಹಿಂದಿನ ಚಕ್ರಗಳೆರಡನ್ನೂ ಬಿಚ್ಚಿ ಕೂತರು. ಗಿರಣಿಯವರಿಗೆ ಒಂದು ಪದ್ಧತಿ: ಪೂಜೆಯ ಹಿಂದಿನ ದಿನ ಯಂತ್ರದ ಪ್ರತಿ ತುಂಡನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಫಳಫಳ ಹೊಳೆಯಿಸಬೇಕು. ಗಿರಣಿ ಬಿಟ್ಟರೂ ಇವರು ಅದನ್ನು ಬಿಡಲಿಲ್ಲ. ಶೂಗಳನ್ನು ತಳ್ಳುವ ಪುಟ್ಟ ಸಿಲಿಂಡರುಗಳನ್ನೂ ಬಿಚ್ಚಿ, ಒಳಗಿನ ಬಟ್ಟಲಿನಂಥ ರಬ್ಬರುಗಳನ್ನು ಸೀಮೆಎಣ್ಣೆಯ ಬೋಗುಣಿಯಲ್ಲಿ ನೆನೆಹಾಕಿದರು. ದೇವರ ದೀಪವನ್ನೂ ನಾನು ಅಷ್ಟು ಶ್ರದ್ಧೆಯಿಂದ ಬೆಳಗಿದವಳಲ್ಲ.

ಎಲ್ಲ ಜೋಡಿಸಿದ ಮೇಲೆ ಬ್ರೇಕಿನ ಎಣ್ಣೆಯ ಪೈಪಿಗೆ ಸೇರಿದ್ದ ಗಾಳಿ ತೆಗೆಯಬೇಕಿತ್ತು. ಪೆಡಲು ಒತ್ತಲು ನನ್ನನ್ನೇ ಡ್ರೈವರ್ ಸೀಟಿನಲ್ಲಿ ಕೂರಿಸಿದರು. ಎದುರು ಮನೆಯವರು ಬಾಗಿಲಿಗೆ ಬಂದು ನಿಂತೇಬಿಟ್ಟರು.

"ಒತ್ತು. ಹಾಗೇ ಹಿಡ್ಕೊ. ಈಗ ಬಿಡು," ಎಂದು ಕಾರಿನಡಿಯಿಂದ ಹೇಳುತ್ತಿದ್ದರು.

"ನಿಮ್ಮಮ್ಮ ನೋಡಿದ್ರೆ ನನ್ನನ್ನ ಮನೆಯಿಂದ ಆಚೆ ಹಾಕ್ತಾರೆ ಕಣ್ರೀ."

"ಹಾಕ್ಲಿ ಬಿಡೇ, ಕಾರಲ್ಲೇ ಸಂಸಾರ ಮಾಡೋಣ."

ಇಬ್ಬರೂ ನಕ್ಕೆವು.

ಪೂಜೆಯ ಮರುದಿನ ಬಾಡಿಗೆಗೆ ಹೊರಟವರು ಮಾರೇನಹಳ್ಳಿ ತಲುಪುವಷ್ಟರಲ್ಲಿ ಹಿಂದಿನ ಚಕ್ರಗಳು ಹಿಡಿದುಕೊಂಡವು. ಪೆಡಲಿನಿಂದ ಕಾಲು ತೆಗೆದರೂ ಬ್ರೇಕು ಬಿಡಲಿಲ್ಲ. ಕೂತಿದ್ದವರು ಬೈದುಕೊಂಡು ಇಳಿದು ಹೋದರು. ಮನೆಗೆ ತಂದು ಶೂ ಸಡಿಲಿಸಿದರು, ಸ್ಪ್ರಿಂಗ್ ಬದಲಾಯಿಸಿದರು, ಹ್ಯಾಂಡ್‌ಬ್ರೇಕಿನ ತಂತಿಯನ್ನೂ ಕಳಚಿ ನೋಡಿದರು. ಏನು ಮಾಡಿದರೂ ಅಷ್ಟೇ. ಕೊನೆಗೆ ಸಿಲಿಂಡರು ಬಿಚ್ಚಿದರೆ, ರಬ್ಬರುಗಳು ನೆನೆಸಿದ ಅವರೆಕಾಳಿನಂತೆ ಊದಿಕೊಂಡು ಒಳಗೇ ಕಚ್ಚಿಕೊಂಡಿದ್ದವು.

"ಸೀಮೆಎಣ್ಣೆ ರಬ್ಬರಿಗೆ ಆಗಲ್ಲ ಅಂತ ಗೊತ್ತಿರ್ಲಿಲ್ಲ ಕಣೇ," ಎಂದರು. ನನಗೆ ಮೈಯೆಲ್ಲ ಉರಿಯಿತು. ಆದರೆ ಆ ಮುಖ ನೋಡಿ, ಕೈ ತೊಳೆಯಲು ನೀರು ತಂದುಕೊಟ್ಟೆ.

ಕಲಾಸಿಪಾಳ್ಯದ ಅಂಗಡಿಗಳನ್ನೆಲ್ಲ ಸುತ್ತಿದರು. "ಆ ಕಾರಿನ ಸಾಮಾನು ಬರೋದೇ ನಿಂತೋಯ್ತಲ್ಲ ಅಣ್ಣ," ಎಂಬುದೇ ಎಲ್ಲ ಕಡೆ ಉತ್ತರ. ಹಳೆಯ ಟೈರು ಕೊಯ್ದು ತಾವೇ ರಬ್ಬರು ಮಾಡಿ ಹಾಕಿದರು. ಬ್ರೇಕಿನ ಎಣ್ಣೆ ಸೋರಿ ಪೆಡಲು ನೆಲಕ್ಕೆ ಹೋಯಿತು. ಬ್ರೇಕಿಲ್ಲದ ಕಾರಿನಲ್ಲಿ ಬಸುರಿ ಬಾಣಂತಿಯರನ್ನು ಕೂರಿಸುವ ಮನುಷ್ಯ ಅವರಲ್ಲ. ಗುಜರಿಯವನು ಎತ್ತು ಕಟ್ಟಿ ಕಾರನ್ನು ಎಳೆದುಕೊಂಡು ಹೋದ.

ಅಂದು ಊಟಕ್ಕೆ ಕೂತಾಗ ಹೇಳಿದರು, "ಸೋಮವಾರದಿಂದ ಗಿರಣಿಗೆ ಹೋಗ್ತೀನಿ. ಹಳೇ ಕೆಲಸಕ್ಕೇ ತಗೋತಾರಂತೆ."

"ಅದೇ ಹತ್ತಿ ಧೂಳಿಗಾ? ಡಾಕ್ಟ್ರು ಏನು ಹೇಳಿದ್ರು ನಿಮಗೆ?"

"ಊಟಕ್ಕೇನು ಮಾಡ್ಬೇಕು ಅಂತ ಅವರು ಹೇಳ್ಲಿಲ್ವಲ್ಲ."

ಸೋಮವಾರ ಬೆಳಗ್ಗೆ, ಹೋಗಬೇಡಿ ಎನ್ನಬೇಕೆಂದೇ ಎದ್ದೆ. ರಾಗಿ ಡಬ್ಬದ ತಳ ಕಾಣುತ್ತಿತ್ತು. ನಾನೇ ಬುತ್ತಿ ಕಟ್ಟಿ ಅವರ ಕೈಗೆ ಕೊಟ್ಟೆ.